ಎರಡು ಔರಾದ: ಒಂದೇ ಹೆಸರನ್ನು ಎಷ್ಟು ಸಲ ಎಣಿಸಬೇಕು?

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಿರ್ಸಿ ಎಂದೊಡನೆ ಮಲೆನಾಡಿನವರ ಕಣ್ಣ ಮುಂದೆ ಅಡಕೆಯ ತೋಟ, ಸೊಪ್ಪಿನ ಬೆಟ್ಟ, ಮಾರಿಕಾಂಬೆಯ ಜಾತ್ರೆ ಮೂಡುತ್ತವೆ. ಆದರೆ ಇದೇ ರಾಜ್ಯದ ಉತ್ತರದ ತುದಿಯಲ್ಲಿ, ಬೀದರ ತಾಲ್ಲೂಕಿನಲ್ಲಿಯೂ ಒಂದು ಸಿರ್ಸಿ ಇದೆ. ದಾಖಲೆಗಳು ಅದನ್ನು ಸಿರ್ಸಿ (ಎ) ಎಂದು ಬರೆಯುತ್ತವೆ. ಅದೇ ತಾಲ್ಲೂಕಿನಲ್ಲಿ ಔರಾದ (ಎಸ್) ಎಂಬ ಊರೊಂದಿದೆ. ಔರಾದ ತಾಲ್ಲೂಕಿನ ಕೇಂದ್ರಸ್ಥಳವಾದರೋ ಔರಾದ (ಬಿ). ಬೀದರ ಜಿಲ್ಲೆಯಲ್ಲಿಯೇ ಹಳ್ಳಿಖೇಡ (ಬಿ), ಹಳ್ಳಿಖೇಡ (ಕೆ) ಎಂಬ ಎರಡು ಊರುಗಳಿವೆ. ಬುಜುರ್ಗ್ ಎಂದರೆ ಹಿರಿದು, ಖುರ್ದ್ ಎಂದರೆ ಕಿರಿದು. ಹಿರೇಮಗಳೂರು, ಚಿಕ್ಕಮಗಳೂರು ಎಂದು ದಕ್ಷಿಣದವರು ಮಾಡಿಕೊಂಡ ವ್ಯವಸ್ಥೆಯನ್ನೇ ದಖ್ಖನಿನವರು ಪರ್ಷಿಯನ್ ಪದಗಳಲ್ಲಿ ಮಾಡಿಕೊಂಡರು.

ಕಂಸದೊಳಗಿನ ಆ ಒಂದು ಅಕ್ಷರವನ್ನು ಯಾರಾದರೂ ಬರೆಯಲು ಮರೆತರೆ ಏನಾಗುತ್ತದೆ? ಎರಡು ಊರುಗಳು ಒಂದಾಗುತ್ತವೆ. ಒಂದು ಊರಿನ ಬಾವಿಗಳು ಇನ್ನೊಂದರ ಲೆಕ್ಕಕ್ಕೆ ಸೇರುತ್ತವೆ. ಬೇಸಿಗೆಯಲ್ಲಿ ಟ್ಯಾಂಕರ್ ಎಲ್ಲಿಗೆ ಹೋಗಬೇಕು, ಹೂಳೆತ್ತುವ ಹಣ ಯಾವ ಕೆರೆಗೆ ಸಲ್ಲಬೇಕು ಎಂಬುದು ಅಂಥ ಲೆಕ್ಕಗಳಿಂದಲೇ ನಿರ್ಧಾರವಾಗುವುದರಿಂದ, ಇದು ಕೇವಲ ಕಾಗುಣಿತದ ಪ್ರಶ್ನೆಯಲ್ಲ. ಇಂದು ಈ ಲೆಕ್ಕಗಳನ್ನು ಮಾಡುವುದು ಕಂಪ್ಯೂಟರ್. ಅದು ಪುನರಾವರ್ತನೆಯನ್ನು ಹೇಗೆ ಗುರುತಿಸುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಊರಿನವರೂ ತಿಳಿದಿರುವುದು ಒಳಿತು.

ಪಟ್ಟಿ ಮತ್ತು ಅದರೊಳಗಿನ ವಸ್ತು

ಜಾವಾಸ್ಕ್ರಿಪ್ಟ್ ಎಂಬುದು 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಎಂಬವರು ರೂಪಿಸಿದ ಕಂಪ್ಯೂಟರ್ ಭಾಷೆ. ಅದರ ಮೊದಲ ರೂಪ ಹತ್ತೇ ದಿನಗಳಲ್ಲಿ ಸಿದ್ಧವಾಯಿತೆಂಬುದು ಪ್ರಸಿದ್ಧ. ಅಂತರ್ಜಾಲದ ಪುಟಗಳಲ್ಲಿ, ಮೊಬೈಲಿನ ಸಮೀಕ್ಷೆಯ ನಮೂನೆಗಳಲ್ಲಿ ಇಂದು ಹೆಚ್ಚಾಗಿ ದುಡಿಯುತ್ತಿರುವುದು ಅದೇ. ಆ ಭಾಷೆಯಲ್ಲಿ ಸಾಲಾಗಿ ಜೋಡಿಸಿದ ಪಟ್ಟಿಗೆ ಅರೇ ಎಂದೂ, ಹಲವು ವಿವರಗಳನ್ನು ಹೊತ್ತ ಒಂದೊಂದು ದಾಖಲೆಗೆ ಆಬ್ಜೆಕ್ಟ್ ಎಂದೂ ಹೆಸರು.

ಬೀದರ, ಭಾಲ್ಕಿ, ಔರಾದಗಳ ಜಲಮೂಲಗಳನ್ನು ವಿದ್ಯಾರ್ಥಿಗಳು ಬರೆದು ತಂದಿದ್ದಾರೆಂದು ಊಹಿಸಿಕೊಳ್ಳಬಹುದು. ಪ್ರತಿ ದಾಖಲೆಯಲ್ಲಿ ಊರು, ತಾಲ್ಲೂಕು, ಜಲಮೂಲ ಎಂಬ ಮೂರು ವಿವರಗಳಿವೆ. ಕಲ್ಪಿತ ಪಟ್ಟಿ ಹೀಗಿದೆ:

1. ಔರಾದ, ಔರಾದ ತಾಲ್ಲೂಕು, ತೆರೆದ ಬಾವಿ
2. ಔರಾದ, ಬೀದರ ತಾಲ್ಲೂಕು, ತೆರೆದ ಬಾವಿ
3. ಔರಾದ, ಔರಾದ ತಾಲ್ಲೂಕು, ತೆರೆದ ಬಾವಿ
4. ಭಾಲ್ಕಿ, ಭಾಲ್ಕಿ ತಾಲ್ಲೂಕು, ಕೆರೆ
5. ಭಾಲ್ಕಿ, ಭಾಲ್ಕಿ ತಾಲ್ಲೂಕು, ತೆರೆದ ಬಾವಿ
6. ಬೀದರ, ಬೀದರ ತಾಲ್ಲೂಕು, ತೆರೆದ ಬಾವಿ
7. ಬೀದರ್, ಬೀದರ ತಾಲ್ಲೂಕು, ತೆರೆದ ಬಾವಿ
8. ಔರಾದ, ಔರಾದ ತಾಲ್ಲೂಕು, ತೆರೆದ ಬಾವಿ

ಇದರಲ್ಲಿ ಪುನರಾವರ್ತನೆಗಳೆಷ್ಟು? ಮನುಷ್ಯನ ಕಣ್ಣಿಗೆ 1, 3, 8ನೆಯ ಸಾಲುಗಳು ಒಂದೇ ಎಂದು ಕೂಡಲೇ ತೋರುತ್ತದೆ. ಯಂತ್ರಕ್ಕೆ ಹಾಗೆ ತೋರುವುದಿಲ್ಲ.

ಯಂತ್ರದ ಎರಡು ವಿರುದ್ಧ ತಪ್ಪುಗಳು

ಜಾವಾಸ್ಕ್ರಿಪ್ಟಿನಲ್ಲಿ ಎರಡು ಆಬ್ಜೆಕ್ಟುಗಳನ್ನು ಹೋಲಿಸಿದರೆ, ಒಳಗಿನ ವಿವರಗಳು ಒಂದೇ ಆಗಿವೆಯೇ ಎಂದು ಅದು ನೋಡುವುದಿಲ್ಲ. ನೆನಪಿನ ಕೋಶದಲ್ಲಿ ಅವೆರಡೂ ಒಂದೇ ವಸ್ತುವೇ ಎಂದು ಮಾತ್ರ ನೋಡುತ್ತದೆ. ಒಂದೇ ಅಚ್ಚಿನಲ್ಲಿ ಬಡಿದ ಎರಡು ಹೆಂಚುಗಳಂತೆ: ಆಕಾರ ಒಂದೇ, ಆದರೆ ಹೆಂಚು ಎರಡು. ಆದುದರಿಂದ, ಪುನರಾವರ್ತನೆಗೆ ಎಡೆಗೊಡದ ‘ಸೆಟ್’ ಎಂಬ ಸಂಚಯಕ್ಕೆ ಮೇಲಿನ ಎಂಟು ದಾಖಲೆಗಳನ್ನು ಹಾಕಿದರೆ, ಎಂಟೂ ಹಾಗೆಯೇ ಉಳಿಯುತ್ತವೆ. ಪುನರಾವರ್ತನೆ ಸೊನ್ನೆ ಎಂಬ ಉತ್ತರ ಬರುತ್ತದೆ.

ಇನ್ನೊಂದು ತಪ್ಪು ಇದಕ್ಕೆ ತೀರ ವಿರುದ್ಧವಾದದ್ದು. ಸಾಮಾನ್ಯ ಆಬ್ಜೆಕ್ಟನ್ನೇ ಲೆಕ್ಕದ ಪುಸ್ತಕವಾಗಿ ಬಳಸಿ, ಇಡೀ ದಾಖಲೆಯನ್ನು ಅದರ ಶೀರ್ಷಿಕೆಯಾಗಿ ಕೊಟ್ಟರೆ, ಯಂತ್ರ ಆ ದಾಖಲೆಯನ್ನು ಅಕ್ಷರಮಾಲೆಯಾಗಿ ಬದಲಿಸುತ್ತದೆ. ಹಾಗೆ ಬದಲಾದಾಗ ಔರಾದದ ಬಾವಿಯೂ ಭಾಲ್ಕಿಯ ಕೆರೆಯೂ ‘ಆಬ್ಜೆಕ್ಟ್’ ಎಂಬ ಒಂದೇ ಸಪ್ಪೆ ಹೆಸರನ್ನು ಪಡೆಯುತ್ತವೆ. ಈಗ ಎಂಟೂ ಒಂದೇ ಎಂಬ ಉತ್ತರ ಬರುತ್ತದೆ. ಒಂದು ವಿಧಾನದಲ್ಲಿ ಯಾವುದೂ ಇನ್ನೊಂದರಂತಿಲ್ಲ. ಮತ್ತೊಂದರಲ್ಲಿ ಎಲ್ಲವೂ ಒಂದೇ. ಎರಡೂ ಉತ್ತರಗಳು ಯಾವ ಎಚ್ಚರಿಕೆಯನ್ನೂ ಕೊಡದೆ, ಅಚ್ಚುಕಟ್ಟಾದ ಅಂಕಿಯಾಗಿ ತೆರೆಯ ಮೇಲೆ ಮೂಡುತ್ತವೆ. ಅಪಾಯವಿರುವುದು ಅಲ್ಲಿಯೇ.

ಲೆಕ್ಕದ ಪುಸ್ತಕದ ಕ್ರಮ

ಸರಿಯಾದ ಕ್ರಮ ಹಳ್ಳಿಗಳಿಗೆ ಹೊಸದೇನಲ್ಲ. ಹಾಲಿನ ಸಂಘದಲ್ಲಿ ಪ್ರತಿ ಸದಸ್ಯನಿಗೂ ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ. ಹಾಲು ತಂದವರ ಸಂಖ್ಯೆಯನ್ನು ನೋಡಿ, ಆ ಸಾಲಿನಲ್ಲಿ ಬರೆದುಕೊಳ್ಳುತ್ತಾರೆ. ಸಾಲು ಇಲ್ಲದಿದ್ದರೆ ಹೊಸದಾಗಿ ತೆರೆಯುತ್ತಾರೆ. ಜಾವಾಸ್ಕ್ರಿಪ್ಟಿನಲ್ಲಿ ಈ ಪುಸ್ತಕಕ್ಕೆ ‘ಮ್ಯಾಪ್’ ಎಂದು ಹೆಸರು. 2015ರ ಪ್ರಮಾಣಿತ ಆವೃತ್ತಿಯಿಂದ ಅದು ಭಾಷೆಯ ಭಾಗವಾಗಿದೆ. ಪ್ರತಿ ದಾಖಲೆಯಿಂದ ಒಂದು ಗುರುತನ್ನು ತೆಗೆಯುವುದು, ಆ ಗುರುತು ಪುಸ್ತಕದಲ್ಲಿದ್ದರೆ ಎಣಿಕೆಗೆ ಒಂದು ಕೂಡಿಸುವುದು, ಇಲ್ಲದಿದ್ದರೆ ಒಂದರಿಂದ ಆರಂಭಿಸುವುದು: ಇಷ್ಟೇ ಕೆಲಸ. ಪಟ್ಟಿಯನ್ನು ಒಂದು ಸಲ ಓದಿದರೆ ಮುಗಿಯುತ್ತದೆ.

ಇದರ ಬದಲು ಪ್ರತಿಯೊಂದು ದಾಖಲೆಯನ್ನೂ ಉಳಿದೆಲ್ಲವುಗಳೊಡನೆ ಹೋಲಿಸುತ್ತ ಹೋದರೆ, ಎಂಟು ದಾಖಲೆಗಳಿಗೆ 28 ಹೋಲಿಕೆಗಳು ಸಾಕು. ಆದರೆ ಹತ್ತು ಸಾವಿರ ದಾಖಲೆಗಳಿಗೆ 4,99,95,000 ಹೋಲಿಕೆಗಳು ಬೇಕಾಗುತ್ತವೆ. ಪುಸ್ತಕದ ಕ್ರಮದಲ್ಲಿ ಹತ್ತು ಸಾವಿರ ಸಲ ನೋಡಿದರೆ ಸಾಕು.

ಆದರೆ ಎಲ್ಲವೂ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಗುರುತು ಯಾವುದು? ಊರಿನ ಹೆಸರೊಂದನ್ನೇ ಗುರುತಾಗಿ ಹಿಡಿದರೆ ಔರಾದ ನಾಲ್ಕು, ಭಾಲ್ಕಿ ಎರಡು, ಬೀದರ ಒಂದು, ಬೀದರ್ ಒಂದು. ಹೆಚ್ಚುವರಿ ದಾಖಲೆ ನಾಲ್ಕು ಎಂದಾಗುತ್ತದೆ. ಊರು ಮತ್ತು ತಾಲ್ಲೂಕು ಸೇರಿದರೆ ಎರಡು ಔರಾದಗಳು ಬೇರೆಯಾಗಿ, ಹೆಚ್ಚುವರಿ ಮೂರಕ್ಕೆ ಇಳಿಯುತ್ತದೆ. ಜಲಮೂಲವನ್ನೂ ಸೇರಿಸಿದರೆ ಭಾಲ್ಕಿಯ ಕೆರೆ, ಬಾವಿಗಳು ಬೇರೆಯಾಗಿ, ಎರಡಕ್ಕೆ ಇಳಿಯುತ್ತದೆ. ಪಟ್ಟಿ ಒಂದೇ; ಉತ್ತರ ನಾಲ್ಕು, ಮೂರು, ಎರಡು. ಯಂತ್ರ ಮೂರು ಸಲವೂ ತಪ್ಪಿಲ್ಲದೆ ಎಣಿಸಿದೆ. ಬದಲಾದದ್ದು ಕೇಳಿದ ಪ್ರಶ್ನೆ.

‘ಪುನರಾವರ್ತನೆಗಳೆಷ್ಟು’ ಎಂಬ ಮಾತಿಗೂ ಮೂರು ಅರ್ಥಗಳಿವೆ. ಮೂರು ವಿವರಗಳ ಗುರುತಿನಲ್ಲಿ, ಮರುಕಳಿಸಿದ ಗುರುತು ಒಂದು; ಅಳಿಸಬಹುದಾದ ಹೆಚ್ಚುವರಿ ಸಾಲು ಎರಡು; ಮರುಕಳಿಕೆಯಲ್ಲಿ ಸಿಕ್ಕಿಕೊಂಡ ಸಾಲು ಮೂರು. ವರದಿಯಲ್ಲಿ ಯಾವ ಅಂಕಿಯನ್ನು ಕೊಟ್ಟಿದೆ ಎಂದು ಬರೆಯದಿದ್ದರೆ ಓದುವವರು ತಮಗೆ ತೋಚಿದ ಅರ್ಥವನ್ನು ಮಾಡಿಕೊಳ್ಳುತ್ತಾರೆ.

ಗುರುತನ್ನು ಕಟ್ಟುವಾಗಲೂ ಎಚ್ಚರ ಬೇಕು. ಸರ್ವೆ ನಂಬರ್ 1, ಬಾವಿ 12 ಎಂಬುದನ್ನು ನಡುವೆ ಗೆರೆಯಿಲ್ಲದೆ ಜೋಡಿಸಿದರೆ 112 ಆಗುತ್ತದೆ. ಸರ್ವೆ ನಂಬರ್ 11, ಬಾವಿ 2 ಕೂಡ 112 ಆಗುತ್ತದೆ. ನಡುವೆ ಒಂದು ವಿಭಾಜಕ ಚಿಹ್ನೆ ಇರಲೇಬೇಕು. ಇಡೀ ದಾಖಲೆಯನ್ನು ‘ಜೇಸನ್’ ಎಂಬ ಪಠ್ಯರೂಪಕ್ಕೆ ತಿರುಗಿಸಿ ಹೋಲಿಸುವ ರೂಢಿಯೂ ಇದೆ. ಅಲ್ಲಿ ಒಬ್ಬರು ಊರನ್ನು ಮೊದಲು, ತಾಲ್ಲೂಕನ್ನು ಅನಂತರ ಬರೆದು, ಇನ್ನೊಬ್ಬರು ತಿರುಗುಮುರುಗಾಗಿ ಬರೆದಿದ್ದರೆ, ಒಂದೇ ದಾಖಲೆ ಎರಡಾಗಿ ಕಾಣುತ್ತದೆ. ವಿವರಗಳ ಕ್ರಮವನ್ನು ಮೊದಲೇ ನಿಗದಿ ಮಾಡಿಕೊಂಡರೆ ಈ ತೊಡಕು ಇರುವುದಿಲ್ಲ.

ಗುಡಿಸು ಮತ್ತು ದೀರ್ಘ

ಕನ್ನಡದಲ್ಲಿ ದಾಖಲಿಸುವವರಿಗೆ ಇನ್ನೊಂದು ತೊಡಕು ಕಾದಿರುತ್ತದೆ. ಬೀದರ ಎಂಬ ಹೆಸರಿನ ಮೊದಲ ಅಕ್ಷರ ‘ಬೀ’. ಯುನಿಕೋಡ್ ವ್ಯವಸ್ಥೆಯಲ್ಲಿ ಇದನ್ನು ಎರಡು ಬಗೆಯಲ್ಲಿ ಬರೆಯಬಹುದು. ಬಕಾರಕ್ಕೆ ಈಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಸೇರಿಸುವುದು ಒಂದು; ಬಕಾರಕ್ಕೆ ಗುಡಿಸನ್ನೂ ಅದರ ಮುಂದೆ ದೀರ್ಘವನ್ನೂ ಎರಡು ಸಂಕೇತಗಳಾಗಿ ಸೇರಿಸುವುದು ಇನ್ನೊಂದು. ತೆರೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ. ಕಾಗದದ ಮೇಲೂ ವ್ಯತ್ಯಾಸವಿಲ್ಲ. ಯಂತ್ರಕ್ಕೆ ಮಾತ್ರ ಅವು ಎರಡು ಬೇರೆ ಊರುಗಳು. ಏ, ಐ, ಒ, ಓಕಾರಗಳ ಚಿಹ್ನೆಗಳಿಗೂ ಇದೇ ಪಾಡು. ‘ನಾರ್ಮಲೈಸ್’ ಎಂಬ ಸೂಚನೆಯನ್ನು ಕೊಟ್ಟರೆ ಜಾವಾಸ್ಕ್ರಿಪ್ಟ್ ಇವೆರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಕನ್ನಡದ ಹೆಸರುಗಳನ್ನು ಹೋಲಿಸುವ ಮೊದಲು ಈ ಸೂಚನೆಯನ್ನು ಕೊಡುವುದು ಕಡ್ಡಾಯವೆಂದೇ ತಿಳಿಯಬೇಕು.

ಆದರೆ ‘ಬೀದರ’ ಮತ್ತು ‘ಬೀದರ್’ ಎಂಬ ವ್ಯತ್ಯಾಸವನ್ನು ಆ ಸೂಚನೆ ಸರಿಪಡಿಸಲಾರದು. ಅವು ನಿಜವಾಗಿಯೂ ಬೇರೆ ಅಕ್ಷರಗಳು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಬೆರೆತು ಬದುಕುವ ಗಡಿಸೀಮೆಯಲ್ಲಿ ಒಂದು ಊರಿಗೆ ಹಲವು ಉಚ್ಚಾರಣೆಗಳಿರುವುದು ಸಹಜ. ಯಾವ ಯಾವ ರೂಪಗಳು ಒಂದೇ ಊರಿನವು ಎಂಬ ಕೋಷ್ಟಕವನ್ನು ಸ್ಥಳ ಬಲ್ಲವರೇ ಕುಳಿತು ಬರೆಯಬೇಕು. ಅಂಥ ಕೋಷ್ಟಕವನ್ನು ಬಳಸಿದರೆ, ಮೇಲಿನ ಪಟ್ಟಿಯಲ್ಲಿ 6, 7ನೆಯ ಸಾಲುಗಳು ಸೇರಿ ಹೆಚ್ಚುವರಿ ಮತ್ತೆ ಮೂರಾಗುತ್ತದೆ.

ಅಷ್ಟಾದರೂ ಕೆಲಸ ಮುಗಿಯಲಿಲ್ಲ. ಔರಾದ ಪಟ್ಟಣದಲ್ಲಿ ಮೂರು ಬೇರೆ ಬೇರೆ ಬಾವಿಗಳೇ ಇರಬಾರದೇಕೆ? ಮೂರು ಸಾಲುಗಳು ಒಂದೇ ಬಾವಿಯವೋ ಮೂರು ಬಾವಿಗಳವೋ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಸರ್ವೆ ನಂಬರನ್ನೋ ಜಿಪಿಎಸ್ ಸ್ಥಾನವನ್ನೋ ಬರೆದಿದ್ದರೆ ಮಾತ್ರ ಹೇಳಬಹುದು. ಬರೆದಿರದಿದ್ದರೆ ಬಾವಿಯ ಕಟ್ಟೆಗೆ ಮರಳಿ ಹೋಗಬೇಕು. ಕಾಣದ ವಿವರವನ್ನು ಯಾವ ಸೂತ್ರವೂ ಹುಟ್ಟಿಸಲಾರದು.

ಗಡಿಗಳು ಬದಲಾದಾಗ

ಗುರುತು ಕಾಲದೊಡನೆ ಬದಲಾಗುತ್ತದೆ ಎಂಬುದಕ್ಕೂ ಬೀದರವೇ ಉದಾಹರಣೆ. ಬಹುಕಾಲ ಈ ಜಿಲ್ಲೆಯಲ್ಲಿ ಬೀದರ, ಭಾಲ್ಕಿ, ಔರಾದ, ಹುಮನಾಬಾದ, ಬಸವಕಲ್ಯಾಣ ಎಂಬ ಐದೇ ತಾಲ್ಲೂಕುಗಳಿದ್ದವು. 2018ರಲ್ಲಿ ಕಮಲನಗರ, ಹುಲಸೂರು, ಚಿಟಗುಪ್ಪಗಳು ಹೊಸ ತಾಲ್ಲೂಕುಗಳಾದವು. 2011ರ ಜನಗಣತಿಯಲ್ಲಿ ಕಮಲನಗರ ಔರಾದ ತಾಲ್ಲೂಕಿನಲ್ಲಿದೆ. ಇಂದಿನ ದಾಖಲೆಯಲ್ಲಿ ಅದೇ ತಾಲ್ಲೂಕು ಕೇಂದ್ರ. ಊರು ಮತ್ತು ತಾಲ್ಲೂಕನ್ನು ಗುರುತಾಗಿ ಹಿಡಿದು ಹಳೆಯ, ಹೊಸ ಪಟ್ಟಿಗಳನ್ನು ಕೂಡಿಸಿದರೆ, ಒಂದೇ ಕಮಲನಗರ ಎರಡಾಗುತ್ತದೆ. ಎರಡು ಔರಾದಗಳನ್ನು ಬೇರ್ಪಡಿಸಿ ಕಾಪಾಡಿದ ಗುರುತೇ ಇಲ್ಲಿ ಒಂದು ಊರನ್ನು ಸೀಳುತ್ತದೆ. ಜನಗಣತಿ ಪ್ರತಿ ಗ್ರಾಮಕ್ಕೂ ಆರು ಅಂಕಿಗಳ ಸಂಕೇತ ಸಂಖ್ಯೆಯನ್ನು ಕೊಟ್ಟಿರುವುದು ಇಂಥ ಗೊಂದಲಗಳಿಗಾಗಿಯೇ. ಸಮೀಕ್ಷೆಯ ನಮೂನೆಯಲ್ಲಿ ಊರಿನ ಹೆಸರಿನ ಪಕ್ಕದಲ್ಲಿ ಆ ಸಂಖ್ಯೆಗೂ ಒಂದು ಜಾಗವಿರಬೇಕು.

ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರ ಕಥೆಯನ್ನು ಆ ಭಾಗದ ಜನ ಇಂದಿಗೂ ಹೇಳುತ್ತಾರೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆ ನಡೆಸುವುದು ಕಷ್ಟವಾಗಿದ್ದಾಗ, ಅವರು ಹೊರಗೆ ಉರ್ದು ಫಲಕವನ್ನು ತೂಗಿಹಾಕಿ, ಒಳಗೆ ಕನ್ನಡವನ್ನು ಕಲಿಸಿದರು. ಫಲಕಗಳನ್ನು ಮಾತ್ರ ನೋಡಿ ಶಾಲೆಗಳನ್ನು ಎಣಿಸಿದವನ ಲೆಕ್ಕದಲ್ಲಿ ಅದು ಉರ್ದು ಶಾಲೆ. ಒಳಹೊಕ್ಕವನಿಗೆ ಮಾತ್ರ ನಿಜ ತಿಳಿಯುತ್ತಿತ್ತು. ಎಣಿಸುವವರು ಮರೆಯಬಾರದ ಪಾಠವಿದು.

ಪಟ್ಟೆಯೇ ಗುರುತು

ಕಾಡಿನ ಎಣಿಕೆಯಲ್ಲಿ ಈ ಪ್ರಶ್ನೆ ಇನ್ನೂ ಗಂಭೀರ. ಕ್ಯಾಮೆರಾದ ಮುಂದೆ ಒಂದೇ ಹುಲಿ ಹತ್ತು ಸಲ ಹಾದುಹೋದರೆ ಹತ್ತು ಚಿತ್ರಗಳು ಸಿಗುತ್ತವೆ, ಹುಲಿ ಹತ್ತಾಗುವುದಿಲ್ಲ. ಪ್ರತಿ ಹುಲಿಯ ಪಟ್ಟೆಗಳ ವಿನ್ಯಾಸ ಬೇರೆಯಾಗಿರುವುದರಿಂದ, ಆ ಪಟ್ಟೆಯನ್ನೇ ಗುರುತಾಗಿ ಹಿಡಿದು ಎಣಿಸುವ ವಿಧಾನವನ್ನು ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ರೂಢಿಗೆ ತಂದು, 1995ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. 2018ರ ಅಖಿಲ ಭಾರತ ಹುಲಿ ಅಂದಾಜಿನಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾಗಳನ್ನು ಇಡಲಾಗಿತ್ತು. ಸಿಕ್ಕ ಹುಲಿಯ ಚಿತ್ರಗಳು 76,651. ಪುನರಾವರ್ತನೆಗಳನ್ನು ತೆಗೆದಾಗ ಅವುಗಳಲ್ಲಿ ಗುರುತಿಸಲ್ಪಟ್ಟ ಬೇರೆ ಬೇರೆ ಹುಲಿಗಳು 2,461. ಹುಲಿಯ ಎಡ, ಬಲ ಪಾರ್ಶ್ವಗಳ ಪಟ್ಟೆಗಳೂ ಒಂದೇ ಅಲ್ಲ. ಒಂದೇ ಬದಿಯಲ್ಲಿ ಕ್ಯಾಮೆರಾ ಇಟ್ಟರೆ ಒಂದು ಹುಲಿ ಎರಡಾಗಿ ಲೆಕ್ಕಕ್ಕೆ ಬರುವ ಸಂಭವವಿರುವುದರಿಂದಲೇ ದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಕಟ್ಟುತ್ತಾರೆ.

ಬೀದರ ಸೀಮೆಯ ಬಯಲಿನಲ್ಲಿರುವ ಕೃಷ್ಣಮೃಗಗಳಿಗೆ ಇಂಥ ಪಟ್ಟೆಗಳಿಲ್ಲ. ಬೆಳಗ್ಗೆ ಒಂದು ಹೊಲದಲ್ಲಿ ಕಂಡ ಹಿಂಡು ಸಂಜೆ ಇನ್ನೊಂದು ಹೊಲದಲ್ಲಿ ಕಂಡರೆ, ಅದೇ ಹಿಂಡೋ ಬೇರೆಯೋ ಎಂದು ಪಟ್ಟಿಯನ್ನು ನೋಡಿ ಹೇಳಲಾಗದು. ಅಲ್ಲಿ ಪುನರಾವರ್ತನೆಯನ್ನು ತಡೆಯಬೇಕಾದದ್ದು ಎಣಿಸುವ ಮೊದಲೇ: ಸೀಮೆಯನ್ನು ಹಂಚಿಕೊಂಡು, ಎಲ್ಲ ತಂಡಗಳೂ ಒಂದೇ ಹೊತ್ತಿನಲ್ಲಿ ನೋಡಿ, ಹೊತ್ತನ್ನೂ ಹಿಂಡು ಹೊರಟ ದಿಕ್ಕನ್ನೂ ಬರೆದುಕೊಳ್ಳುವುದರಿಂದ.

ಒಂದೇ ಒಕ್ಕಣೆಯ ಸಾವಿರ ಪತ್ರ

ಕೊನೆಯದಾಗಿ, ಬೆಟ್ಟದ ಜನರಿಗೆ ತೀರ ಹತ್ತಿರದ ವಿಷಯ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕುರಿತು 2014ರಿಂದ ಕರಡು ಅಧಿಸೂಚನೆಗಳು ಮತ್ತೆ ಮತ್ತೆ ಹೊರಬಿದ್ದಿವೆ. ಆರನೆಯದು 2024ರ ಜುಲೈ 31ರಂದು ಬಂದಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರ ವ್ಯಾಪ್ತಿಯಲ್ಲಿದೆ. ಗ್ರಾಮಗಳ ಪಟ್ಟಿಯನ್ನು ಜಿಲ್ಲೆ, ತಾಲ್ಲೂಕುಗಳ ಮೇರೆಗೆ ಕೊಡಲಾಗಿದೆ. ಆಕ್ಷೇಪಣೆ, ಸಲಹೆಗಳಿಗೆ 60 ದಿನಗಳ ಅವಕಾಶವಿತ್ತು. ಪರವಾಗಿರಲಿ, ವಿರೋಧವಾಗಿರಲಿ, ಹಳ್ಳಿಯವರು ಬರೆಯುವ ಪತ್ರಗಳ ಒಕ್ಕಣೆ ಹಲವು ಸಲ ಒಂದೇ ಆಗಿರುತ್ತದೆ. ಬರೆಯಬಲ್ಲ ಒಬ್ಬರು ಬರೆದುಕೊಡುತ್ತಾರೆ. ಉಳಿದವರು ಓದಿಸಿಕೊಂಡು, ಒಪ್ಪಿ, ಸಹಿ ಮಾಡುತ್ತಾರೆ.

ಇಂಥ ಪತ್ರಗಳನ್ನು ಕಂಪ್ಯೂಟರಿಗೆ ಹಾಕಿ, ಒಕ್ಕಣೆಯನ್ನೇ ಗುರುತಾಗಿ ಹಿಡಿದರೆ, ಸಾವಿರ ರೈತರ ಪತ್ರ ಒಂದಾಗುತ್ತದೆ. ಸಹಿಯನ್ನು ಗುರುತಾಗಿ ಹಿಡಿದರೆ ಸಾವಿರವಾಗಿಯೇ ಉಳಿಯುತ್ತದೆ. ಹಾಗೆಂದು ಹೆಸರನ್ನು ಕುರುಡಾಗಿ ನಂಬುವುದೂ ಸಲ್ಲದು. 2017ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಅಂತರ್ಜಾಲ ಸಮಾನತೆಯ ಬಗ್ಗೆ ಅಭಿಪ್ರಾಯ ಕೇಳಿದಾಗ ಸುಮಾರು 2.2 ಕೋಟಿ ಅಭಿಪ್ರಾಯಗಳು ಬಂದವು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ 2021ರಲ್ಲಿ ಹೊರತಂದ ವರದಿಯಂತೆ ಅವುಗಳಲ್ಲಿ ಸುಮಾರು 1.8 ಕೋಟಿ ನಕಲಿ. ಒಬ್ಬ ಕಾಲೇಜು ವಿದ್ಯಾರ್ಥಿಯೇ ಕಟ್ಟುಕಥೆಯ ಹೆಸರುಗಳಲ್ಲಿ 77 ಲಕ್ಷ ಅಭಿಪ್ರಾಯಗಳನ್ನು ಸಲ್ಲಿಸಿದ್ದನು. ಅಲ್ಲಿ ಹೆಸರುಗಳು ಬೇರೆ ಬೇರೆಯಾಗಿದ್ದವು, ಮನುಷ್ಯ ಒಬ್ಬನೇ. ಇಲ್ಲಿ ಒಕ್ಕಣೆ ಒಂದೇ, ಮನುಷ್ಯರು ಸಾವಿರ. ಪಠ್ಯವನ್ನು ಎಣಿಸುವುದು ಬೇರೆ, ಮನುಷ್ಯರನ್ನು ಎಣಿಸುವುದು ಬೇರೆ ಎಂಬ ವಿವೇಕ ಎರಡೂ ಕಡೆ ಬೇಕು.

ಮಾಡಬೇಕಾದುದು

ಇಷ್ಟರಿಂದ ಕೆಲವು ನಿಯಮಗಳು ತಾವಾಗಿಯೇ ಹೊರಡುತ್ತವೆ. ಎಣಿಸುವ ಮೊದಲು, ಯಾವುದು ಗುರುತು ಎಂದು ಸಭೆಯಲ್ಲಿ ತೀರ್ಮಾನಿಸಿ ಬರೆದಿಡಬೇಕು. ಊರಿನ ಹೆಸರಿನೊಡನೆ ತಾಲ್ಲೂಕು, ಗ್ರಾಮದ ಸಂಕೇತ ಸಂಖ್ಯೆ, ದಿನಾಂಕ, ಸ್ಥಾನ ಇವುಗಳನ್ನು ದಾಖಲಿಸಬೇಕು. ಕನ್ನಡದ ಅಕ್ಷರಗಳನ್ನು ಒಂದೇ ರೂಪಕ್ಕೆ ತಂದ ಮೇಲೆಯೇ ಹೋಲಿಸಬೇಕು. ಪುನರಾವರ್ತನೆ ಎಂದು ತೋರಿದ ಸಾಲನ್ನು ಕೂಡಲೇ ಅಳಿಸದೆ, ಪಕ್ಕದಲ್ಲಿ ಎಷ್ಟು ಸಲ ಬಂದಿದೆ ಎಂದು ಬರೆದು, ಮೂಲ ಪಟ್ಟಿಯನ್ನು ಹಾಗೆಯೇ ಉಳಿಸಬೇಕು. ಏಕೆಂದರೆ ಎಣಿಸಿದ್ದನ್ನು ಮತ್ತೆ ಎಣಿಸಬಹುದು; ಅಳಿಸಿದ್ದು ಮರಳಿ ಬರುವುದಿಲ್ಲ. ಸಂಶಯ ಬಂದ ಸಾಲುಗಳನ್ನು ಆಯಾ ಊರಿಗೆ ಕಳಿಸಿ ಕೇಳಬೇಕು.

ಕಚೇರಿಯೊಂದು ಇಷ್ಟು ಪುನರಾವರ್ತನೆಗಳನ್ನು ತೆಗೆದುಹಾಕಲಾಗಿದೆ ಎಂದು ಹೇಳಿದಾಗ, ವಿದ್ಯಾರ್ಥಿಗಳೂ ಗ್ರಾಮಸ್ಥರೂ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಗುರುತಿನ ಮೇಲೆ? ಉತ್ತರ ದೊರೆತರೆ ಲೆಕ್ಕವನ್ನು ಪರಿಶೀಲಿಸಬಹುದು. ದೊರೆಯದಿದ್ದರೆ, ತೆಗೆದುಹಾಕಿದ ಸಾಲುಗಳಲ್ಲಿ ಒಂದು ಔರಾದವೋ ಒಂದು ಸಿರ್ಸಿಯೋ ಇದ್ದಿರಬಹುದು. ಅಲ್ಲಿಯ ಬಾವಿಯಲ್ಲಿ ನೀರಿದೆಯೋ ಇಲ್ಲವೋ ಎಂದು ಕೇಳುವವರೇ ಇಲ್ಲವಾಗುತ್ತಾರೆ.